ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಟಕಟಕ ಸದ್ದು: ಇಂಜಿನ್ ಬಿಚ್ಚಿಸುವ ಮೊದಲು ಇಷ್ಟು ಮಾಡಿ

ನಮ್ಮ ಓಣಿಯ ಕಾಕಾ ಒಬ್ಬರ ಪೆಟ್ರೋಲ್ ಕಾರು ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಎರಡು ಸೆಕೆಂಡು ಗಡಗಡ ಅನ್ನುತ್ತಿತ್ತು. ಆಮೇಲೆ ದಿನವಿಡೀ ಏನೂ ಇಲ್ಲ. ಹೆದರಿ ಗ್ಯಾರೇಜಿಗೆ ಒಯ್ದರು. ಹುಮನಾಬಾದ್ ರಿಂಗ್ ರಸ್ತೆ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿತ್ತು, ಸದ್ದು ಇರಲಿಲ್ಲ. ಮಿಸ್ತ್ರಿ ಎರಡು ಸಲ ರೇಸ್ ಮಾಡಿ ನೋಡಿ, "ಟ್ಯಾಪೆಟ್ ಇರಬೇಕ್ರಿ, ಹೆಡ್ ಬಿಚ್ಚಬೇಕಾಗ್ತದ" ಅಂದ. ಟ್ಯಾಪೆಟ್ ಅಂದರೆ ವಾಲ್ವ್ ಒತ್ತುವ ಸಣ್ಣ ಭಾಗ, ಹೆಡ್ ಅಂದರೆ ಇಂಜಿನ್ನಿನ ಮೇಲಿನ ಭಾಗ. ಹೆಡ್ ಬಿಚ್ಚಿದ್ದಾಯಿತು, ಟ್ಯಾಪೆಟ್ ಬದಲಾಯಿಸಿದ್ದಾಯಿತು, ಗ್ಯಾಸ್ಕೆಟ್ ಹೊಸದು ಬಂತು. ಮನೆಗೆ ತಂದ ಮರುದಿನ ಬೆಳಿಗ್ಗೆ ಮತ್ತೆ ಅದೇ ಗಡಗಡ! ತಪ್ಪು ಇದ್ದದ್ದು ಆಯಿಲ್ ಫಿಲ್ಟರ್‌ನಲ್ಲಿ. ಮೊದಲು ಹಾಕಿದ್ದೂ ಅಗ್ಗದ್ದು, ಹೆಡ್ ಕೆಲಸ ಆದಮೇಲೆ ಹಾಕಿದ್ದೂ ಅದೇ ಅಗ್ಗದ್ದು.

ಇದು ಕಾಕಾ ಒಬ್ಬರ ಕತೆಯಲ್ಲ. ನಮ್ಮ ಕಲಬುರಗಿಯಲ್ಲಿ ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಚಾಲೂ ಮಾಡಿದಾಗ ಮಾತ್ರ ಬರುವ ಸದ್ದನ್ನು ಬಿಸಿ ಇಂಜಿನ್ ಇಟ್ಟುಕೊಂಡು ಹುಡುಕುತ್ತಾರೆ. ಸಿಗುವುದಾದರೂ ಹೇಗೆ? ಆ ಸದ್ದು ಇರುವುದು ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್‌ನಲ್ಲಿ, ನಿಮ್ಮ ಮನೆ ಮುಂದೆ. ಅದನ್ನು ಹಿಡಿಯಬೇಕಾದವರು ನೀವೇ.

ಮೊದಲು ಎಣ್ಣೆ

ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮುಂಚೆ ಇಂಜಿನ್ ಎಣ್ಣೆ ಅಳೆಯುವ ಗೇಜ್ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿಸಿ, ಎರಡು ದಿನ ನೋಡಿ. ಎಷ್ಟೋ ಸದ್ದು ಇಲ್ಲಿಗೇ ಮುಗಿಯುತ್ತದೆ.

ಆ ಮೊದಲ ಹತ್ತು ಸೆಕೆಂಡು

ಎಲ್ಲರೂ ಎಡವುವುದು ಇಲ್ಲಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಗಾಡಿ ಕನಿಷ್ಠ ಏಳೆಂಟು ಗಂಟೆ ನಿಂತಿರಬೇಕು. ಚಾಲೂ ಮಾಡುವ ಮೊದಲೇ ಬಾನೆಟ್ ಎತ್ತಿ. ಮೇಲೆ ಪ್ಲಾಸ್ಟಿಕ್ ಮುಚ್ಚಳವಿದ್ದರೆ ತೆಗೆದಿಡಿ, ಅದು ಸದ್ದನ್ನು ನುಂಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಏಸಿ, ರೇಡಿಯೋ, ಫ್ಯಾನ್ ಎಲ್ಲ ಬಂದ್. ಚಾವಿ ತಿರುಗಿಸಲು ಮನೆಯವರನ್ನು ಒಳಗೆ ಕೂರಿಸಿ, ಆಕ್ಸಿಲರೇಟರ್ ಮುಟ್ಟಬೇಡಿ ಅಂತ ಮೊದಲೇ ಹೇಳಿಬಿಡಿ. ನೀವು ಗಾಡಿಯ ಮುಂದೆ ನಿಲ್ಲಬೇಡಿ, ಮಗ್ಗುಲಲ್ಲಿ ನಿಲ್ಲಿ. ಗೇರ್‌ನಲ್ಲಿದ್ದರೆ ಅದು ಜಿಗಿಯುವುದು ನಿಮ್ಮ ಮೇಲೆಯೇ. ಶಲ್ಯ, ಸೆರಗು, ಧೋತರದ ಚುಂಗು ಬೆಲ್ಟಿನ ಹತ್ತಿರ ಹೋಗಬಾರದು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು. ಬಾಗಿಲು ಹಾಕಿದ ಶೆಡ್‌ನಲ್ಲಂತೂ ಇದನ್ನು ಮಾಡಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ.

ಈಗ ಮೊಬೈಲ್‌ನಲ್ಲಿ ವಿಡಿಯೋ ಶುರು ಮಾಡಿ, ಆಮೇಲೆ ಚಾವಿ ತಿರುಗಿಸಲು ಹೇಳಿ. ಈ ಕ್ರಮ ಮುಖ್ಯ. ಜನ ಗಾಡಿ ಚಾಲೂ ಆದಮೇಲೆ ಮೊಬೈಲ್ ತೆಗೆಯುತ್ತಾರೆ, ಅಷ್ಟರಲ್ಲಿ ಬೇಕಾದ ಸದ್ದು ಹೋಗಿಬಿಟ್ಟಿರುತ್ತದೆ. ಒಳಗೆ ಕೂತವರು ಕೆಂಪು ಬಣ್ಣದ ಎಣ್ಣೆ ದೀಪ ನೋಡುತ್ತಿರಬೇಕು, ಎಣ್ಣೆ ಗಿಂಡಿಯ ಚಿತ್ರ ಇರುತ್ತದಲ್ವಾ, ಅದು. ಅದು ಆರಿದ ಕೂಡಲೇ "ಆರಿತು" ಅಂತ ಜೋರಾಗಿ ಕೂಗಲಿ. ಆ ಕೂಗು ವಿಡಿಯೋದಲ್ಲಿ ಬೀಳುತ್ತದೆ. ದೀಪ ಆರಿದ್ದಕ್ಕೂ ಸದ್ದು ನಿಂತಿದ್ದಕ್ಕೂ ನಡುವೆ ಎಷ್ಟು ಹೊತ್ತು ಅಂತ ಆಮೇಲೆ ಕೂತು ಎಣಿಸಬಹುದು. ಎರಡೂ ಒಟ್ಟಿಗೇ ಆದರೆ ಎಣ್ಣೆ ಮೇಲೇರಲು ತಡವಾಗುತ್ತಿದೆ ಅನ್ನುವುದು ಹೆಚ್ಚುಕಡಿಮೆ ಖಾತ್ರಿ. ಐದಾರು ಸೆಕೆಂಡಾದರೂ ದೀಪ ಆರಲಿಲ್ಲವಾ, ಏನೂ ಯೋಚಿಸದೆ ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ.

ಒಂದು ಬೆಳಿಗ್ಗೆ ಸಾಲದು, ಮೂರು ಬೆಳಿಗ್ಗೆ ಮಾಡಿ. ಒಂದು ದಿನ ಬೆಲ್ಟ್ ಇರುವ ಮಗ್ಗುಲಿಂದ, ಒಂದು ದಿನ ಆಚೆ ಮಗ್ಗುಲಿಂದ, ಒಂದು ದಿನ ಮುಂದಿನ ಚಕ್ರದ ಹತ್ತಿರ ಮೊಬೈಲನ್ನು ನೆಲಕ್ಕೆ ಹತ್ತಿರ ಹಿಡಿದು. ನನ್ನ ಹಳೆ ಕಾರಿನಲ್ಲಿ ಮೂರನೇ ದಿನದ ವಿಡಿಯೋ ಕೇಳಿದಾಗಲೇ ಗೊತ್ತಾಗಿದ್ದು, ಸದ್ದು ಇಂಜಿನ್ ಒಳಗಿನದಲ್ಲವೇ ಅಲ್ಲ, ಸೈಲೆನ್ಸರ್ ಪೈಪಿನ ಮೇಲಿನ ತಗಡಿನ ಬೋಲ್ಟ್ ತುಕ್ಕು ಹಿಡಿದು ಕಿತ್ತುಹೋಗಿ ತಗಡು ಬಡಿಯುತ್ತಿದೆ ಅಂತ. ಒಂದು ಕ್ಲ್ಯಾಂಪ್ ಹಾಕಿದ ಮೇಲೆ ನಿಂತಿತು.

ಎಷ್ಟು ಹೊತ್ತು ಇರುತ್ತದೆ, ಅದನ್ನು ನೋಡಿ

ಒಂದರಿಂದ ಮೂರು ಸೆಕೆಂಡು ಗಡಗಡ ಅಂದು ಒಮ್ಮೆಲೇ ನಿಂತರೆ, ರಾತ್ರಿ ಎಣ್ಣೆ ಪೂರ್ತಿ ಕೆಳಗಿಳಿದಿದೆ, ಮೇಲಿನ ಭಾಗಗಳು ಒಣಗಿ ತಿರುಗುತ್ತಿವೆ ಅಂತ ಅರ್ಥ. ಅನುಮಾನ ಮೊದಲು ಫಿಲ್ಟರ್ ಮೇಲೆ, ಆಮೇಲೆ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಮೇಲೆ. ತುಂಬಾ ಗಾಡಿಗಳಲ್ಲಿ ಆ ಟೆನ್ಷನರ್ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಎಣ್ಣೆ ಬರುವ ತನಕ ಚೈನ್ ಸಡಿಲವಾಗಿ ಕವರಿಗೆ ಬಡಿಯುತ್ತದೆ. ಫಿಲ್ಟರ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ, ಚೈನ್ ಕಿಟ್ ದೊಡ್ಡ ಖರ್ಚು. ಮೊದಲು ಯಾವುದು ಮಾಡಬೇಕು ಅಂತ ನಾನು ಹೇಳಬೇಕಾ? ಆದರೆ ಒಳ್ಳೆಯ ಫಿಲ್ಟರ್ ಹಾಕಿದ ಮೇಲೂ ಗಡಗಡ ದಿನದಿನಕ್ಕೆ ಉದ್ದವಾಗುತ್ತಿದ್ದರೆ ಚೈನ್ ಮಾಡಿಸಲು ತಡ ಮಾಡಬೇಡಿ. ಚೈನ್ ಹಲ್ಲು ಹಾರಿದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ.

ಕೆಲವು ನಿಮಿಷ ಇದ್ದು, ಇಂಜಿನ್ ಬಿಸಿಯಾದಂತೆ ಮೆಲ್ಲಗೆ ಕರಗುವ ಸದ್ದು ಬೇರೆ. ಅದು ಬಾಗಿಲು ತಟ್ಟಿದ ಹಾಗೆ ದಪ್ಪ ಸದ್ದಾದರೆ ಪಿಸ್ಟನ್ ಸವೆದು ಬೋರಿನಲ್ಲಿ, ಅಂದರೆ ಸಿಲಿಂಡರಿನ ಕೊಳವೆಯಲ್ಲಿ, ಅತ್ತಿತ್ತ ಬಡಿಯುತ್ತಿದೆ. ಬಿಸಿಗೆ ಪಿಸ್ಟನ್ ಹಿಗ್ಗಿ ಸಂದು ತುಂಬುತ್ತದೆ, ಸದ್ದು ಹೋಗುತ್ತದೆ. ಎಣ್ಣೆ ಸುಡುತ್ತಿಲ್ಲ, ಹೊಗೆ ಇಲ್ಲ ಅಂದರೆ ಇದರೊಂದಿಗೆ ವರ್ಷಗಟ್ಟಲೆ ಓಡಿಸಬಹುದು, ಸುಮ್ನೆ ಬೋರ್ ಮಾಡಿಸಬೇಡಿ. ಸೇಡಂ, ಶಹಾಬಾದ್, ವಾಡಿ ಕಡೆ ಸಿಮೆಂಟು ಮತ್ತು ಕಲ್ಲಿನ ಧೂಳಿನಲ್ಲಿ ಓಡುವ ಗಾಡಿಗಳಿಗೆ ಇದು ಬೇಗ ಬರುತ್ತದೆ. ಆ ಕಡೆಯವರು ಏರ್ ಫಿಲ್ಟರನ್ನು ಕೈಪಿಡಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಾಯಿಸಬೇಕು. ಗಾಳಿ ಹೊಡೆಸಿ ಮತ್ತೆ ಮತ್ತೆ ಅದನ್ನೇ ಹಾಕುವುದು ಬೇಡ, ಜೋರಾದ ಗಾಳಿಗೆ ಕಾಗದ ಹರಿದು ಧೂಳು ಸೀದಾ ಒಳಗೆ ಹೋಗುತ್ತದೆ.

ಅದೇ ಸದ್ದು ಚುರುಕಾಗಿ ಟಿಕ್ ಟಿಕ್ ಅಂತಿದ್ದು, ಇಂಜಿನ್ನಿಗೆ ಸೈಲೆನ್ಸರ್ ಪೈಪ್ ಸೇರುವ ಮ್ಯಾನಿಫೋಲ್ಡ್ ಹತ್ತಿರ ಕೈಗೆ ಗಾಳಿ ತಾಗಿದರೆ ಅಲ್ಲಿನ ಗ್ಯಾಸ್ಕೆಟ್ ಸೋರುತ್ತಿದೆ. ತಣ್ಣಗಿದ್ದಾಗಲೇ ಬೇಗ ನೋಡಿ, ಅದು ಬಿಸಿಯಾದರೆ ಕೈ ಸುಡುತ್ತದೆ. ಸುತ್ತಲೂ ಸಾಮಾನ್ಯವಾಗಿ ಕಪ್ಪು ಮಸಿ ಇರುತ್ತದೆ.

ಇನ್ನು ಹೋಗದ ಸದ್ದು. ಬಿಸಿಯಾದಷ್ಟೂ, ಭಾರ ಬಿದ್ದಷ್ಟೂ ಕೆಳಗಿಂದ ಠಣ್ ಠಣ್ ಅಂತ ಜಾಸ್ತಿಯಾಗುತ್ತಿದ್ದರೆ ಅದು ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್. ಆ ಗಾಡಿಯನ್ನು ಒಂದು ಕಿಲೋಮೀಟರೂ ಓಡಿಸಬೇಡಿ. ರಾಡ್ ಮುರಿದರೆ ಬ್ಲಾಕಿಗೇ ತೂತು ಬೀಳುತ್ತದೆ.

ಚಾವಿ ತಿರುಗಿಸುವಾಗ ಮಾತ್ರ ಕರ್ ಅಂದರೆ ಅದು ಸೆಲ್ಫ್ ಮೋಟರಿನ ಬೆಂಡಿಕ್ಸ್, ಅಂದರೆ ಇಂಜಿನ್ನಿಗೆ ಹಲ್ಲು ಕಚ್ಚಿ ತಿರುಗಿಸುವ ಸಣ್ಣ ಗೇರ್. ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆ ನೋಡಿ.

ಸ್ಕ್ರೂಡ್ರೈವರ್ ಮತ್ತು ಕಿವಿ

ಉದ್ದನೆಯ ಸ್ಕ್ರೂಡ್ರೈವರ್ ತಗೊಳ್ಳಿ. ತುದಿಯನ್ನು ಇಂಜಿನ್‌ನ ಒಂದು ಬೋಲ್ಟಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಹಿಡಿಯಿರಿ. ಕಿವಿಯ ತೂತಿಗೆ ಅಲ್ಲ. ಮೊದಲು ಮೇಲಿನ ವಾಲ್ವ್ ಕವರ್, ಆಮೇಲೆ ಚೈನ್ ಇರುವ ಕವರ್, ಆಮೇಲೆ ಬ್ಲಾಕಿನ ನಡು, ಕೊನೆಗೆ ಕೆಳಗಿನ ಸಂಪ್, ಅಂದರೆ ಎಣ್ಣೆ ನಿಲ್ಲುವ ತೊಟ್ಟಿ. ಎಲ್ಲಿ ಸದ್ದು ತಲೆಯೊಳಗೇ ಬಡಿದ ಹಾಗೆ ಕೇಳುತ್ತದೋ ಅಲ್ಲೇ ಇದೆ. ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ವಾಲ್ವ್ ತೆರೆಯುವ ಕ್ಯಾಮ್ ದಂಡ ಒಂದೇ ಸುತ್ತು. ಹಾಗಾಗಿ ಟ್ಯಾಪೆಟ್ಟಿನ ಟಿಕ್ ಟಿಕ್ ನಿಧಾನ ಮತ್ತು ಹಗುರ, ಕೆಳಗಿನ ಬಡಿತ ಅದರ ಎರಡರಷ್ಟು ಬೇಗ ಮತ್ತು ಭಾರ. ಎರಡು ದಿನ ಕೇಳಿದರೆ ಕಿವಿಗೆ ರೂಢಿಯಾಗುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಸದ್ದು ಉಳಿದೇ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಇಂಜಿನ್ ಬಂದ್ ಮಾಡಿ, ಒಂದು ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ವೈರಿನ ಕನೆಕ್ಟರ್ ತೆಗೆದು, ಚಾಲೂ ಮಾಡಿ ಕೆಲವು ಸೆಕೆಂಡು ಕೇಳಿ. ಹೀಗೆ ಒಂದೊಂದಾಗಿ ಮಾಡಿ. ಯಾವ ಸಿಲಿಂಡರ್ ಬಂದಾದಾಗ ಬಡಿತ ತಗ್ಗುತ್ತದೋ ಆ ಸಿಲಿಂಡರಿನ ಕೆಳಗಿನ ಭಾಗದಲ್ಲಿ ತೊಂದರೆ. ಯಾವುದಕ್ಕೂ ತಗ್ಗದಿದ್ದರೆ ಚೈನ್, ಟ್ಯಾಪೆಟ್ ಅಥವಾ ಹೊರಗಿನ ಪುಲ್ಲಿ. ಕಿಡಿ ಹಾರಿಸುವ ಪ್ಲಗ್ಗಿನ ಕಾಯಿಲ್ ಎಳೆದು ಇದನ್ನು ಮಾಡುವವರಿದ್ದಾರೆ, ಬೇಡ. ಸುಡದ ಪೆಟ್ರೋಲ್ ಹೋಗಿ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಎಂಜಿನ್ ದೀಪ ಹತ್ತಿಕೊಂಡರೆ ಗಾಬರಿಯಾಗಬೇಡಿ, ಸ್ಕ್ಯಾನರ್ ಹಾಕಿ ಅಳಿಸಬಹುದು.

ಡೀಸೆಲ್ ಪಿಕಪ್ಪಿನವರಿಗೆ ಬೇರೆ ಮಾತು. ತಣ್ಣನೆಯ ಇಂಜಿನ್‌ನಲ್ಲಿ ಬಿದ್ದ ಡೀಸೆಲ್ ಕೂಡಲೇ ಹೊತ್ತುವುದಿಲ್ಲ, ಕ್ಷಣ ತಡವಾಗಿ ಒಮ್ಮೆಲೇ ಹೊತ್ತುತ್ತದೆ, ಆ ಕಟಕಟ ಅದರದ್ದು. ಬೀದರ್‌ನ ಚಳಿಯಲ್ಲಿ, ಡಿಸೆಂಬರ್ ಜನವರಿ ಬೆಳಗಿನ ಹೊತ್ತು ಇದು ಕಲಬುರಗಿಗಿಂತ ಜಾಸ್ತಿ ಕೇಳುವುದು ಸಹಜ, ಒಂದೆರಡು ನಿಮಿಷದಲ್ಲಿ ತಗ್ಗಬೇಕು. ತಗ್ಗದೆ ಒಂದೇ ತಾಳದಲ್ಲಿ ಬಡಿಯುತ್ತಾ ಬಿಳಿ ಇಲ್ಲವೇ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಪರೀಕ್ಷೆ ಮಾಡಿಸಿ. ಹಳೆ ಗಾಡಿಗಳಲ್ಲಿ ಇಂಜೆಕ್ಟರಿಗೆ ಡೀಸೆಲ್ ಬರುವ ಪೈಪಿನ ನಟ್ ಸಡಿಲ ಮಾಡಿ ನೋಡುತ್ತಿದ್ದರು. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಈಗಿನ ಕಾಮನ್ ರೈಲ್ ಗಾಡಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್ ಒತ್ತಡ, ಆ ಪೈಪಿನಲ್ಲಿ 1000 ಬಾರ್ ದಾಟುತ್ತದೆ. ಆ ಧಾರೆ ಚರ್ಮ ಸೀಳಿ ಒಳಗೆ ಹೋದರೆ ಬೆರಳೇ ಹೋಗಬಹುದು.

"ನಮ್ಮ ಬಿಸಿಲಿಗೆ ದಪ್ಪ ಎಣ್ಣೆನೇ ಬೇಕ್ರಿ"

ಈ ಮಾತನ್ನು ನಂಬಿ ಕೆಟ್ಟ ಇಂಜಿನ್‌ಗಳನ್ನು ನೋಡಿದ್ದೇನೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿರಲಿ, ಚಳಿಗಾಲವಿರಲಿ, ಓಡುವ ಇಂಜಿನ್ನಿನ ನೀರು ಥರ್ಮೋಸ್ಟಾಟ್ ಇರುವುದರಿಂದ 90 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಡಬ್ಬಿಯ ಮೇಲೆ ಡಬ್ಲ್ಯೂಗಿಂತ ಮೊದಲಿರುವ ಅಂಕಿ ತಣ್ಣಗಿದ್ದಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ಆಮೇಲಿನ ಅಂಕಿ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಅನ್ನುವುದಕ್ಕೆ. ಕೈಪಿಡಿಯಲ್ಲಿ 0ಡಬ್ಲ್ಯೂ-20 ಅಂತ ಇರುವ ಇಂಜಿನ್‌ಗೆ 20ಡಬ್ಲ್ಯೂ-50 ಸುರಿದರೆ ಬೆಳಿಗ್ಗೆ ಅದು ಸಣ್ಣ ದಾರಿಗಳಲ್ಲಿ ಏರಲು ತಡ ಮಾಡುತ್ತದೆ, ಅಷ್ಟು ಹೊತ್ತೂ ಚೈನ್ ಬಡಿಯುತ್ತದೆ. ಹಳೆ ಗಾಡಿ ಕೊಳ್ಳುವವರು ಇದನ್ನು ನೆನಪಿಡಿ: ಬೇರಿಂಗ್ ಸದ್ದು ಮುಚ್ಚಲು ದಪ್ಪ ಎಣ್ಣೆ ಹಾಕಿ ಮಾರುತ್ತಾರೆ. ಗಾಡಿ ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಚಾಲೂ ಮಾಡಿಟ್ಟಿದ್ದಾರೆ.

ಸದ್ದು ಕಡಿಮೆ ಮಾಡುತ್ತದೆ ಅಂತ ಮಾರುವ ಸಣ್ಣ ಬಾಟ್ಲಿಗಳನ್ನು ನಾನು ಯಾರಿಗೂ ಹಾಕಲು ಹೇಳುವುದಿಲ್ಲ. ಎಣ್ಣೆ ಬದಲಾಯಿಸಿದ ಮೇಲೆ ಖಾಲಿ ಡಬ್ಬಿಗೆ ಅಲ್ಲೇ ಮೊಳೆ ಹೊಡೆದು ತೂತು ಮಾಡಿ. ಖಾಲಿ ಡಬ್ಬಿಗಳಿಗೆ ನಕಲಿ ಎಣ್ಣೆ ತುಂಬಿ ಮತ್ತೆ ಮಾರುವುದುಂಟು.

ಫಿಲ್ಟರ್ ಕೊಳ್ಳುವಾಗ ಅಂಗಡಿಯಲ್ಲೇ ತಿರುಗಿಸಿ ನೋಡಿ. ನಡುವೆ ಚೂಡಿ (ತಿರುಪಿನ ಗೆರೆ) ಇರುವ ದೊಡ್ಡ ತೂತು, ಸುತ್ತಲೂ ಸಣ್ಣ ತೂತುಗಳು. ಬೆಂಕಿಕಡ್ಡಿಯಿಂದ ಸಣ್ಣ ತೂತಿನೊಳಗೆ ಮೆಲ್ಲಗೆ ಒತ್ತಿ. ಒಳಗೆ ರಬ್ಬರಿನ ಪರದೆ ಮೆತ್ತಗೆ ಬಾಗಿ ವಾಪಸ್ ಬಂದು ಕೂರಬೇಕು. ರಾತ್ರಿ ಎಣ್ಣೆ ಕೆಳಗಿಳಿಯದಂತೆ ತಡೆಯುವುದು ಆ ಪರದೆಯೇ. ಕಾಕಾನ ಕಾರಿನಿಂದ ತೆಗೆದ ಫಿಲ್ಟರಿನಲ್ಲಿ ಅದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು, ಒಂದು ಬದಿ ಎದ್ದು ನಿಂತಿತ್ತು. ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಗಾಡಿಗಳಲ್ಲಿ ಎಲ್ಲ ಜವಾಬ್ದಾರಿ ಆ ಪರದೆಯ ಮೇಲೆಯೇ. ನಾನು ಕಂಪನಿ ಫಿಲ್ಟರ್ ಬಿಟ್ಟು ಬೇರೆ ಹಾಕುವುದಿಲ್ಲ.

ಇಷ್ಟೆಲ್ಲ ಆದಮೇಲೆ ಗ್ಯಾರೇಜಿಗೆ ಹೋಗುವುದಾದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. "ಬೆಳಿಗ್ಗೆ ನಾ ಬರೂತನಕ ಚಾಲೂ ಮಾಡಬ್ಯಾಡ್ರಿ ಉಸ್ತಾದ್" ಅಂತ ಹೇಳಿ, ಮೂರು ದಿನದ ವಿಡಿಯೋ ತೋರಿಸಿ. ಆಯಿಲ್ ಪ್ರೆಷರ್ ಸ್ವಿಚ್ ತೆಗೆದು ಆ ಜಾಗದಲ್ಲಿ ಗೇಜ್ ಹಾಕಿ ನೋಡಲು ಕೇಳಿ. ಬಿಸಿ ಇಂಜಿನ್‌ನಲ್ಲಿ ನಿಮಿಷದ ಪ್ರತಿ 1000 ಸುತ್ತಿಗೆ ಸುಮಾರು 10 ಪಿಎಸ್‌ಐ ಒತ್ತಡ ಅನ್ನುವುದು ಹಳೆ ಮಿಸ್ತ್ರಿಗಳ ಅಂದಾಜು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿ ಸಿಕ್ಕರೆ ಅದೇ ಸರಿ. ಆಮೇಲೆ ಹಳೆ ಫಿಲ್ಟರ್ ಕತ್ತರಿಸಲು ಹೇಳಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಜರಿಯ ಹಾಗೆ ಮಿನುಗಿದರೆ ಬೇರಿಂಗ್ ಸವೆಯುತ್ತಿದೆ, ಸಂಪ್ ಬಿಚ್ಚಲು ಒಪ್ಪಿಕೊಳ್ಳಿ. ಕಾಗದ ಬರೀ ಕಪ್ಪಗಿದ್ದು ಪ್ರೆಷರ್ ಸರಿ ಇದ್ದರೆ, ಯಾರು ಎಷ್ಟೇ ಹೇಳಿದರೂ ಅವತ್ತು ಇಂಜಿನ್ ಬಿಚ್ಚಲು ಬಿಡಬೇಡಿ.