ತಿಂಗಳಿಗೊಂದೇ ಪಾಪನಿವೇದನೆ: ನನ್ನ ಅನುಭವ

ಮಾಡಿದ್ದೆಲ್ಲವೂ ಪಾಪವಾಯಿತೇ ಎಂದು ಬಿಡದೆ ಕಾಡುವ ಪಾಪಶಂಕೆಯಿಂದ ಬಿಡಿಸಿಕೊಳ್ಳಲು, ಇಗರ್ಜಿಯ ಗುರುಗಳ (ಪಾದ್ರಿಗಳ) ಎದುರು ಪಾಪ ಹೇಳಿಕೊಳ್ಳುವ ಪಾಪನಿವೇದನೆಯನ್ನೇ ಕಡಿಮೆ ಮಾಡುತ್ತೇನೆ ಎಂದು ನಾನು ಹೇಳಿದಾಗ, ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು, ಜ್ವರ ಬಂದವನು ಗಂಜಿ ಬಿಡುತ್ತೇನೆ ಎಂದ ಹಾಗಾಯಿತು ಎಂದು ನಕ್ಕಿದ್ದರು. ಅದು 2018ರ ಮಾತು. ಹೋದ ವರ್ಷ ಅದೇ ಹಿರಿಯರು ತಮ್ಮ ಸೋದರಳಿಯನನ್ನು ನನ್ನ ಬಳಿಗೆ ಕಳುಹಿಸಿದರು. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ಲಘು ಪಾಪ ಯಾವುದು, ಮಾರಕ ಪಾಪ ಯಾವುದು, ಮಾರಕ ಪಾಪವಾಗಲು ಬೇಕಾದ ಮೂರು ಸಂಗತಿಗಳು ಯಾವುವು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಈ ಕಾಯಿಲೆ ಇರುವವರಿಗೆ ಅವು ನನಗಿಂತ ಚೆನ್ನಾಗಿ ಬಾಯಿಪಾಠವಾಗಿರುತ್ತವೆ.

ನಾನು ಕಾರವಾರದ ಬೈತಖೋಲ ಬಂದರಿನ ಕಡೆ ಒಂದು ಐಸ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಶಂಕೆಯ ಮನಸ್ಸಿನವನಿಗೆ ಇದಕ್ಕಿಂತ ಕೆಟ್ಟ ಉದ್ಯೋಗ ಸಿಗಲಾರದು, ಏಕೆಂದರೆ ಮಂಜುಗಡ್ಡೆ ಅಳತೆಗೆ ನಿಲ್ಲುವ ವಸ್ತುವಲ್ಲ. ಐವತ್ತು ಕಿಲೋ ಎಂದು ಬರೆದ ಗಡ್ಡೆ ದೋಣಿಗೆ ಏರುವಷ್ಟರಲ್ಲಿ ಎಷ್ಟು ಕರಗಿತು, ಕರಗಿದ ನೀರಿನ ಹಣವನ್ನು ತೆಗೆದುಕೊಂಡದ್ದು ಕಳ್ಳತನವಾಯಿತೇ, ಆಯಿತಾದರೆ ಅದು ಎಷ್ಟು ದೊಡ್ಡ ಕಳ್ಳತನ ಎಂಬ ಲೆಕ್ಕ ನನ್ನ ತಲೆಯಲ್ಲಿ ರಾತ್ರಿಯಿಡೀ ಓಡುತ್ತಿತ್ತು. ಒಮ್ಮೆ ದೋಣಿ ನಡೆಸುವ ಒಬ್ಬ ತಾಂಡೇಲನ ಮನೆ ಹುಡುಕಿಕೊಂಡು ಹೋಗಿ ಇನ್ನೂರು ರೂಪಾಯಿ ಹಿಂತಿರುಗಿಸಿದೆ. ಅವನು ನಕ್ಕು, ಒಂದು ಚೀಲ ಬಂಗಡೆಯನ್ನು ಕೈಗೆ ಹಾಕಿ ಕಳುಹಿಸಿದ. ಮನೆಗೆ ಬಂದ ಮೇಲೆ ಆ ಬಂಗಡೆ ಲಂಚವೇ ಅಲ್ಲವೇ ಎಂಬ ಹೊಸ ಶಂಕೆ ಹುಟ್ಟಿತು. ಸಾರು ಮಾಡಿದ ಹೆಂಡತಿಯ ಎದುರು ಉಣ್ಣದೆ ಎದ್ದೆ. ಅವಳ ಮನಸ್ಸು ನೋಯಿಸಿದ್ದು ಇನ್ನೊಂದು ಪಾಪವಾಯಿತು. ಹೀಗೆ ಸುಮಾರು ಇಪ್ಪತ್ತು ವರ್ಷ ನಡೆಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗಿನ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಅತ್ಯಂತ ಕಠಿಣವಾಗಿದ್ದವು. ಕಾರ್ಖಾನೆಯಲ್ಲಿ ಕೆಲಸವಿಲ್ಲ, ಹೊರಗೆ ಮಳೆ, ತಲೆಯೊಳಗೆ ಪಾಪ.

ಹಣದ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. ಗುರುತಿನ ಗುರುಗಳ ಎದುರು ಅದೇ ಪಾಪವನ್ನು ಮತ್ತೆ ಹೇಳಲು ನಾಚಿಕೆಯಾಗಿ, ಹಳೆ ಗೋವೆ, ಚಂದಾವರ, ಹೊನ್ನಾವರ, ದೇವಿಮನೆ ಘಟ್ಟ ಹತ್ತಿ ಶಿರಸಿ ಎಂದು ಗುರುತಿಲ್ಲದ ಇಗರ್ಜಿಗಳನ್ನು ಹುಡುಕಿ ತಿರುಗಿದ್ದಕ್ಕೆ ಅರವತ್ತು ಸಾವಿರದ ಮೇಲಾಗಿದೆ. ಬಲಿಪೂಜೆಗಳಿಗೆ (ಇಗರ್ಜಿಯ ಪೂಜೆಗಳಿಗೆ) ಕೊಟ್ಟ ಕಾಣಿಕೆ ಹದಿನೈದು ಸಾವಿರ ಇರಬಹುದು. ಕರಗಿದ ಐಸಿನ ಪರಿಹಾರವಾಗಿ ಕೈಯಿಂದ ಹಾಕಿದ್ದು ನಲವತ್ತು ಸಾವಿರ. ಇದು ಹೆಂಡತಿಗೆ ಇತ್ತೀಚೆಗೆ ತಿಳಿಯಿತು. ಕೇರಳದ ಒಂದು ಧ್ಯಾನಕೇಂದ್ರಕ್ಕೆ ಮೂರು ಸಲ ಹೋಗಿ ಬಂದದ್ದಕ್ಕೆ ಇಪ್ಪತ್ತೈದು ಸಾವಿರ. ಅಲ್ಲಿ ಆತ್ಮಶೋಧನೆಗೆಂದು ಒಂದು ಪ್ರಶ್ನಾವಳಿ ಕೊಟ್ಟರು. ಉಳಿದವರಿಗೆ ಅದು ಒಳ್ಳೆಯದನ್ನೇ ಮಾಡಿರಬಹುದು, ಆದರೆ ನಾನು ಅದುವರೆಗೆ ಯೋಚಿಸಿರದ ಇಪ್ಪತ್ತು ಹೊಸ ಪಾಪಗಳನ್ನು ಕಲಿತು ಬಂದೆ.

ತಿರುವು ಸಿಕ್ಕಿದ್ದು ಭಾಷೆಯಿಂದ ಎಂದರೆ ಯಾರೂ ನಂಬುವುದಿಲ್ಲ. ನಮ್ಮದು ಕೊಂಕಣಿ ಮನೆ. ನಾನು ಚಿಕ್ಕಂದಿನಿಂದ ಕುಮ್ಸಾರ್ (ಪಾಪನಿವೇದನೆ) ಹೇಳಿದ್ದು ಕೊಂಕಣಿಯಲ್ಲಿ, ನನ್ನ ಪಾಪಗಳೆಲ್ಲ ಅಲ್ಲಿ ‘ಪಾತಕ್’. ಘಟ್ಟದ ಮೇಲೆ ಒಬ್ಬ ವಯಸ್ಸಾದ ಗುರುಗಳಿಗೆ ಕೊಂಕಣಿ ಬಾರದ ಕಾರಣ ಕನ್ನಡದಲ್ಲಿ ಶುರುಮಾಡಿದೆ. ನೋಟ್‌ಬುಕ್ ನೋಡಿಕೊಂಡು ಇಪ್ಪತ್ತು ನಿಮಿಷ ಓದಿರಬೇಕು. ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಲ್ಲಿ ಹಲ್ಲುಜ್ಜುವ ಪೇಸ್ಟಿನ ರುಚಿ ಗಂಟಲಿಗೆ ಇಳಿದದ್ದು, ಬಂದರಿನಲ್ಲಿ ಆಕಳಿಸಿದಾಗ ಬಾಯಿಗೆ ನುಸಿ ಹೋದದ್ದು, ಅದನ್ನು ಉಗುಳುವ ಮೊದಲು ನುಂಗುವ ಇಚ್ಛೆ ಇತ್ತೇ ಇಲ್ಲವೇ ಎಂಬುದು, ಎಲ್ಲವೂ ಅದರಲ್ಲಿದ್ದವು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಯ್ಯೋ ಪಾಪ’ ಎಂದರು. ನಾನು ಅದನ್ನು ತೀರ್ಪು ಎಂದೇ ತಿಳಿದು, ಯಾವುದು ಫಾದರ್, ನುಸಿಯದೋ ಪೇಸ್ಟಿನದೋ ಎಂದು ಕೇಳಿದೆ. ‘ನೀನಪ್ಪಾ, ನಿನಗೆ ಹೇಳಿದ್ದು’ ಎಂದರು. ಕನ್ನಡದಲ್ಲಿ ತಪ್ಪಿಗೂ ಮರುಕಕ್ಕೂ ಒಂದೇ ಶಬ್ದವಿದೆ ಎಂಬುದು ಕನ್ನಡ ಶಾಲೆಯಲ್ಲೇ ಓದಿದ ನನಗೆ ಆವರೆಗೆ ಹೊಳೆದಿರಲಿಲ್ಲ. ಗುರುಗಳು ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಹೇಳಿಕೊಂಡವನಿಗೆ ಆ ಕಟ್ಟಿಲ್ಲ; ಹಾಗಾಗಿ ಬರೆಯುತ್ತಿದ್ದೇನೆ.

ಅವರೇ ನನ್ನನ್ನು ಹುಬ್ಬಳ್ಳಿಯ ಮನೋವೈದ್ಯರೊಬ್ಬರ ಬಳಿಗೆ ಹೋಗಲು ಹೇಳಿದರು. ವೈದ್ಯರು ಕ್ರೈಸ್ತರಲ್ಲ, ಇದು ಗೀಳು ಕಾಯಿಲೆ, ಕೆಲವರು ಕೈ ತೊಳೆಯುತ್ತಾರೆ, ನೀವು ಆತ್ಮ ತೊಳೆಯುತ್ತೀರಿ, ತೊಳೆದಷ್ಟೂ ಕೊಳೆ ಕಾಣುತ್ತದೆ ಎಂದರು. ನನಗೆ ಹೆಚ್ಚು ನಾಟಿದ್ದು ಗುರುಗಳ ಮಾತೂ ವೈದ್ಯರ ಮಾತೂ ಒಂದೇ ಆದದ್ದು. ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಕಾಯಿಲೆಯಿಂದ ಒದ್ದಾಡಿ, ಒಂದು ವಾರ ಅನ್ನ ಬಿಟ್ಟು, ಕೊನೆಗೆ ಹಿಂದಿನ ಪಾಪಗಳನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಬಿಡುಗಡೆಗೊಂಡರು ಎಂಬುದನ್ನು ಗುರುಗಳು ಹೇಳಿದರು. ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತರಾದ ಆಲ್ಫೋನ್ಸಸ್ ಲಿಗೋರಿಯವರಿಗೂ ಈ ಶಂಕೆ ಕಾಡಿತ್ತು, ಒಬ್ಬರೇ ಗುರುವಿನ ಮಾತಿಗೆ ವಿಧೇಯರಾಗಿರುವುದೇ ಇದಕ್ಕೆ ಮದ್ದು ಎಂಬುದು ಅವರ ಉಪದೇಶವೂ ಆಗಿತ್ತು. ಮುಂಚೆ ನಾನು ಸಂತರ ಚರಿತ್ರೆಗಳನ್ನು ಓದುತ್ತಿದ್ದದ್ದು ನನಗಿಲ್ಲದ ಗುಣಗಳನ್ನು ಪಟ್ಟಿ ಮಾಡಲು ಮಾತ್ರ.

ಗುರುಗಳು ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದು ಇಷ್ಟು. ತಿಂಗಳ ಮೊದಲ ಶನಿವಾರ, ಒಬ್ಬರೇ ಗುರುಗಳಲ್ಲಿ, ಐದು ನಿಮಿಷದೊಳಗೆ ಪಾಪನಿವೇದನೆ, ಪಟ್ಟಿ ತರುವಂತಿಲ್ಲ, ಹಿಂದೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ, ಮಾರಕ ಪಾಪವೇ (ನಿವೇದಿಸದೆ ಪರಮಪ್ರಸಾದ ಸ್ವೀಕರಿಸಬಾರದಂಥ ದೊಡ್ಡ ಪಾಪವೇ) ಎಂದು ಸಂಶಯವಿದ್ದರೆ, ನನ್ನ ಮಟ್ಟಿಗೆ, ಅದು ಮಾರಕ ಪಾಪವಲ್ಲ, ಸಂಶಯವನ್ನು ಇಟ್ಟುಕೊಂಡೇ ಪರಮಪ್ರಸಾದ ಸ್ವೀಕರಿಸಬೇಕು. ‘ನನ್ನ ಮಟ್ಟಿಗೆ’ ಎಂಬ ಮಾತಿಗೆ ಅವರು ಅಡಿಗೆರೆ ಹಾಕಿದ್ದರು. ಆರೋಗ್ಯವಂತ ಮನಸ್ಸಿನವರು ಇದನ್ನು ಎತ್ತಿಕೊಂಡು ಸಲೀಸು ಮಾಡಿಕೊಳ್ಳಬಾರದು.

ಮೊದಲ ಮೂರು ತಿಂಗಳು ನಾನು ಸೋತೆ. ಎರಡನೆಯ ವಾರವೇ ಕದ್ದು ಬಸ್ಸು ಹತ್ತಿ ಗೋವೆಗೆ ಹೋಗಿ, ಹಳೆಯದನ್ನೆಲ್ಲ ಹೇಳಿ ಬಂದು, ಹಾಗೆ ಹೋದದ್ದು ವಿಧೇಯತೆಯ ಭಂಗವಾಯಿತೆಂದು ಅದನ್ನು ಹೇಳಲು ಮತ್ತೆ ಹೊರಟೆ. ಆಮೇಲೆ ವೈದ್ಯರ ಸಲಹೆಯಂತೆ ‘ಹೋಗುವುದಿಲ್ಲ’ ಎನ್ನುವುದನ್ನು ಬಿಟ್ಟು ‘ಒಂದು ಗಂಟೆ ಬಿಟ್ಟು ಹೋಗುತ್ತೇನೆ’ ಎನ್ನತೊಡಗಿದೆ. ಕೈಗಡಿಯಾರ ನೋಡಿಕೊಂಡು ಕುಳಿತುಕೊಳ್ಳುತ್ತಿದ್ದೆ. ಮೊದಲ ಭಾನುವಾರ ಪರಮಪ್ರಸಾದವಾದ ಮೇಲೆ ಎದೆಬಡಿತ ಇಳಿಯಲು ಐವತ್ತೈದು ನಿಮಿಷ ಹಿಡಿಯಿತು. ನಾಲ್ಕನೆಯ ವಾರ ನಲವತ್ತು. ಹನ್ನೆರಡನೆಯ ವಾರಕ್ಕೆ ಹತ್ತರ ಆಸುಪಾಸು. ಶಂಕೆಗೆ ಉತ್ತರ ಕೊಡದೆ ಕೂತರೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಯಾವ ಪ್ರವಚನವೂ ನನಗೆ ಕಲಿಸಿರಲಿಲ್ಲ, ಗಡಿಯಾರ ಕಲಿಸಿತು. ಆ ಹೊತ್ತಿನಲ್ಲಿ ನಾನು ಮನಸ್ಸಿನೊಳಗೆ ಹೇಳಿಕೊಳ್ಳುವ ಮೂರು ಶಬ್ದಗಳಿವೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮ ಬಾಯಲ್ಲಿ ಅದು ನೂರೆಂಟು ಸಲ ಹೇಳುವ ಇನ್ನೊಂದು ಜಪವಾಗುತ್ತದೆ.

ಮಾತ್ರೆಯನ್ನು ಎಂಟು ತಿಂಗಳು ತೆಗೆದುಕೊಂಡು, ವೈದ್ಯರು ಹೇಳಿದ ಕ್ರಮದಲ್ಲೇ ನಿಲ್ಲಿಸಿದೆ. ಮಾತ್ರೆ, ಫೀಸು, ಹುಬ್ಬಳ್ಳಿಯ ಬಸ್ಸು ಎಲ್ಲ ಸೇರಿ ಹನ್ನೆರಡು ಸಾವಿರ ದಾಟಿಲ್ಲ. ಮೇಲಿನ ಲೆಕ್ಕದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ನಡುವೆ ನನ್ನದೇ ಒಂದು ಪ್ರಯೋಗವನ್ನೂ ಮಾಡಿದೆ. ಹುಲ್ಲುಕಡ್ಡಿಗಳು ಶಿಲುಬೆಯಾಕಾರದಲ್ಲಿ ಬಿದ್ದಿರುವುದನ್ನು ತಿಳಿಯದೆ ತುಳಿದು ಪಾಪವಾಯಿತೆಂದುಕೊಂಡವನ ಉದಾಹರಣೆಯನ್ನು ಇಗ್ನೇಷಿಯಸರು ಕೊಡುತ್ತಾರೆ. ಕಾರವಾರದ ಕಡಲತೀರದ ಗಾಳಿಮರಗಳ ಕೆಳಗೆ ಉದುರಿದ ಎಲೆಗಳಲ್ಲಿ ಅಂಥ ಶಿಲುಬೆಗಳು ಸಾವಿರಾರು ಇರುತ್ತವೆ. ನಾನು ವರ್ಷಗಟ್ಟಲೆ ಅಲ್ಲಿ ತಲೆ ತಗ್ಗಿಸಿ, ಕಾಲು ಎತ್ತಿ ಎತ್ತಿ ನಡೆದವನು. ಪ್ರತಿದಿನ ಸಂಜೆ ಅರ್ಧ ಗಂಟೆ, ಸಮುದ್ರವನ್ನೇ ನೋಡುತ್ತ, ನೆಲ ನೋಡದೆ ನಡೆಯುವುದೆಂದು ನಿಶ್ಚಯಿಸಿದೆ. ಮೂರು ವಾರದಲ್ಲಿ ಅದು ಬರೀ ವಾಯುವಿಹಾರವಾಯಿತು. ಈ ಉಪಾಯ ಗುರುಗಳದೂ ಅಲ್ಲ, ವೈದ್ಯರದೂ ಅಲ್ಲ, ನನ್ನದೇ ಎಂದು ಹೇಳಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ. ಮುಂಚೆಯಾಗಿದ್ದರೆ ಗರ್ವವೆಂದು ಪಟ್ಟಿಗೆ ಸೇರಿಸುತ್ತಿದ್ದೆ.

ಪಟ್ಟಿ ಬರೆದ ನೋಟ್‌ಬುಕ್ಕುಗಳು ಹನ್ನೊಂದೋ ಹನ್ನೆರಡೋ ಇದ್ದವು. ದೇವರು ನಮ್ಮ ಪಾಪಗಳನ್ನು ಸಮುದ್ರದ ಆಳಕ್ಕೆ ಎಸೆಯುತ್ತಾನೆ ಎಂದು ಬೈಬಲಿನ ಪ್ರವಾದಿ ಮೀಕ ಹೇಳಿದ್ದರಿಂದ ಮೊದಲು ಸಮುದ್ರಕ್ಕೇ ಹಾಕಬೇಕೆಂದಿದ್ದೆ, ಆದರೆ ಯಾರದೋ ಬಲೆಗೆ ಬಿದ್ದು ಬೈತಖೋಲದಲ್ಲೇ ಹರಾಜಿಗೆ ಬಂದರೆ ಗತಿಯೇನು ಎಂದು ಕೈಬಿಟ್ಟೆ. ಹೆಂಡತಿ ಅವನ್ನು ಬಚ್ಚಲ ಒಲೆ ಹೊತ್ತಿಸಲು ಇಟ್ಟುಕೊಂಡಳು. ಆ ಮಳೆಗಾಲ ಪೂರ್ತಿ, ಹಸಿ ಕಟ್ಟಿಗೆಯ ಕೆಳಗೆ ನನ್ನ ಹಾಳೆಗಳನ್ನಿಟ್ಟು ಕಾಯಿಸಿದ ನೀರಿನಲ್ಲಿ ಮನೆಮಂದಿಯೆಲ್ಲ ಸ್ನಾನ ಮಾಡಿದೆವು.

ನಿಜವಾದ ಪರೀಕ್ಷೆ ಬಂದದ್ದು 2020ರ ಮಾರ್ಚಿನಲ್ಲಿ ಇಗರ್ಜಿಗಳು ಮುಚ್ಚಿದಾಗ. ಗುರುಗಳು ಸಿಗದಿದ್ದರೆ ದೇವರ ಜೊತೆಗೇ ಮಾತಾಡಿ, ಪಶ್ಚಾತ್ತಾಪಪಟ್ಟು, ಆಮೇಲೆ ನಿವೇದಿಸಿ ಎಂದು ಪೋಪ್ ಫ್ರಾನ್ಸಿಸರು ಆ ತಿಂಗಳು ಹೇಳಿದ್ದರು. ನನ್ನನ್ನು ನೋಡಿ ನಕ್ಕಿದ್ದ ಗುಂಪಿನವರಲ್ಲಿ ಇಬ್ಬರು ಆಗ ರಾತ್ರಿ ನಿದ್ದೆ ಬಾರದೆ ಫೋನು ಮಾಡುತ್ತಿದ್ದರು. ನಾನು ಒಂಬತ್ತೂವರೆಗೆ ಮಲಗುತ್ತಿದ್ದೆ. ನಂಬಿಕೆ ಸಡಿಲವಾಯಿತೇ ಎಂದು ಅಮ್ಮ ಕೇಳುತ್ತಿದ್ದಳು. ನಮ್ಮ ಮನಸ್ಸೇ ನಮ್ಮನ್ನು ದೂಷಿಸಿದರೂ ದೇವರು ಮನಸ್ಸಿಗಿಂತ ದೊಡ್ಡವನು ಎಂದು ಯೊವಾನ್ನನ ಮೊದಲ ಪತ್ರದಲ್ಲಿದೆ ಎಂದು ತೋರಿಸಿದೆ. ಹಾಗಾದರೆ ಸರಿ, ಆದರೂ ಶುಕ್ರವಾರ ಮೀನು ಕಡಿಮೆ ತಿನ್ನು ಎಂದಳು.

ಸಂಪೂರ್ಣ ಗುಣವಾಗಿದೆ ಎಂದು ಹೇಳಲಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅದು ಪ್ರತಿವರ್ಷ ಒಂದೆರಡು ಸಲ ಬಾಗಿಲು ತಟ್ಟುತ್ತದೆ. ಈ ವರ್ಷ ಒಬ್ಬ ದೋಣಿ ಮಾಲೀಕರ ಬಿಲ್ಲಿನಲ್ಲಿ ಒಂದು ಗಡ್ಡೆ ಹೆಚ್ಚು ಬರೆದಿದ್ದೆ. ಇದು ಶಂಕೆಯಲ್ಲ, ನಿಜವಾದ ತಪ್ಪು. ಮರುದಿನ ತಿದ್ದಿ, ಹಣ ಕೊಟ್ಟು ಬಂದೆ. ಬೇರೆ ಬಿಲ್ಲುಗಳಲ್ಲೂ ಹೀಗೆ ಆಗಿರಬಹುದೇ ಎಂಬ ಯೋಚನೆ ಕೂಡಲೇ ಬಂತು. ಹಳೆಯ ಬಿಲ್ಲುಗಳ ಕಟ್ಟು ಪಕ್ಕದ ಕಪಾಟಿನಲ್ಲೇ ಇತ್ತು. ಗಡಿಯಾರ ನೋಡಿಕೊಂಡು ಕುಳಿತೆ, ಹದಿನಾಲ್ಕು ನಿಮಿಷವಾಯಿತು, ಕಪಾಟು ತೆರೆಯಲಿಲ್ಲ.