ರೆಫರೆನ್ಸ್ ಬೀರುವಿನ ಕೀಲಿ ಮತ್ತು ವಿಕಿಪೀಡಿಯ

ಹಾಸನದ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಮೊದಲೆಲ್ಲ ವಿಕಿಪೀಡಿಯ ಕಂಡರೆ ನನಗೆ ಆಗುತ್ತಿರಲಿಲ್ಲ. ಸೆಮಿನಾರ್ ಹತ್ತಿರ ಬಂತೆಂದರೆ ಮಕ್ಕಳು ಪುಸ್ತಕ ಮುಟ್ಟದೆ, ಮೊಬೈಲ್ ನೋಡಿ ಬರೆದುಕೊಂಡು ಎದ್ದು ಹೋಗುತ್ತಿದ್ದರು. "ಅದರಲ್ಲಿ ಯಾರು ಬೇಕಾದರೂ ಬರೀತಾರೆ, ನಂಬಬೇಡಿ" ಎಂದು ಬೈಯುತ್ತಿದ್ದೆ. ಒಂದು ದಿನ ಬಿ.ಎ. ಹುಡುಗಿಯೊಬ್ಬಳು, "ಹಾಗಾದ್ರೆ ನೀವೂ ಬರೀಬಹುದಲ್ವಾ ಮೇಡಂ?" ಎಂದಳು. ನಾನು ಸುಮ್ನೆ ಇಶ್ಯೂ ರಿಜಿಸ್ಟರ್ ತಿರುವಿ ಹಾಕಿದೆ.

ಸಂಜೆ ಖಾತೆ ತೆರೆದೆ. ನಮ್ಮೂರಿನ ಪುಟಕ್ಕೆ ನನಗೆ ಗೊತ್ತಿದ್ದ ಎರಡು ಸಾಲು ಸೇರಿಸಿದೆ. ಮಾರನೆಯ ದಿನ ನೋಡಿದರೆ ಎರಡೂ ಮಾಯ. ಉಲ್ಲೇಖ ಇಲ್ಲ ಎಂದು ಯಾರೋ ಕಾರಣ ಬರೆದು ತೆಗೆದಿದ್ದರು. ಕೋಪ ಬಂತು. ಇಲ್ಲೇ ಹುಟ್ಟಿ ಬೆಳೆದವಳು ನಾನು, ನನಗೇ ಉಲ್ಲೇಖ ಕೇಳ್ತಾರಲ್ಲ! ರಾತ್ರಿ ಊಟ ಮಾಡುವಾಗ ಹೊಳೆಯಿತು, ನಾನು ಮಕ್ಕಳನ್ನು ದಿನಾ ಕೇಳುವುದೂ ಅದನ್ನೇ.

ಅಲ್ಲಿಂದ ನನ್ನ ದಾರಿ ಬದಲಾಯಿತು. ಹೊಸ ಪುಟ ಬರೆಯುವ ಆಸೆ ಬಿಟ್ಟೆ. ಇರುವ ಪುಟಗಳಲ್ಲಿ ಉಲ್ಲೇಖ ಇಲ್ಲದ ಸಾಲು ಹುಡುಕುವುದು, ಬೀರು ತೆಗೆಯುವುದು, ಪುಸ್ತಕದಲ್ಲಿ ಸಿಕ್ಕರೆ ಪುಟ ಸಂಖ್ಯೆ ಸಮೇತ ಹಾಕುವುದು. ಅಷ್ಟೇ ಕೆಲಸ. ಉಲ್ಲೇಖ ಹಾಕುವಾಗ ಲೇಖಕ, ಪ್ರಕಾಶಕ, ವರ್ಷ, ಆವೃತ್ತಿ, ಪುಟ ಎಂದು ಒಂದೊಂದೇ ತುಂಬಬೇಕು. ನಮ್ಮ ಹಳೇ ಕ್ಯಾಟಲಾಗ್ ಕಾರ್ಡಿನ ತಮ್ಮನ ಹಾಗಿದೆ ಅದು. ಕಲಿಯಲು ಹತ್ತು ನಿಮಿಷ ಸಾಕಾಯಿತು.

ಮೊದಲು ರುಚಿ ಹತ್ತಿಸಿದ್ದು ಮುಳ್ಳಯ್ಯನಗಿರಿ. ನಮ್ಮ ಎನ್‌ಎಸ್‌ಎಸ್ ಮಕ್ಕಳು ಚಿಕ್ಕಮಗಳೂರಿಗೆ ಚಾರಣ ಹೋಗಿ ಬಂದು ವರದಿ ಬರೆಯುತ್ತಿದ್ದರು. ಬೆಟ್ಟದ ಎತ್ತರ 1,930 ಮೀಟರ್ ಅಂತ ಒಬ್ಬ, 1,925 ಅಂತ ಇನ್ನೊಬ್ಬ. ಇಬ್ಬರ ಕೈಯಲ್ಲೂ ಮೊಬೈಲ್. ನಾನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆಗೆದೆ, ಹಳೇ ಮೈಸೂರು ಸೀಮೆಯ ವಿವರಗಳ ಪುಸ್ತಕ, 1897ರದ್ದು. ಅದರಲ್ಲಿ 6,317 ಅಡಿ. ಲೆಕ್ಕ ಹಾಕಿದರೆ ಸುಮಾರು 1,925 ಮೀಟರ್. 1,930 ಎನ್ನುವುದು ಯಾರೋ ದುಂಡು ಮಾಡಿದ ಸಂಖ್ಯೆ ಇರಬೇಕು ಎಂದು ನನ್ನ ಗುಮಾನಿ. ಆದರೆ ಗುಮಾನಿಯನ್ನು ವಿಕಿಗೆ ಹಾಕುವ ಹಾಗಿಲ್ಲ. ಗೆಜೆಟಿಯರ್ ಹೇಳಿದ್ದನ್ನು ಅದರ ಹೆಸರಲ್ಲೇ ಬರೆದೆ, ಇನ್ನೊಂದು ಸಂಖ್ಯೆಯೂ ಚಾಲ್ತಿಯಲ್ಲಿದೆ ಎಂದು, ಬರೆಯುವವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಚರ್ಚೆ ಪುಟದಲ್ಲಿ ತಿಳಿಸಿದೆ.

ಶಾಸನಗಳ ವಿಷಯ ಇನ್ನೂ ಗೋಜಲು. ಶಾಸನಗಳನ್ನು ಜಿಲ್ಲಾವಾರು ಸೇರಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸಂಪುಟಗಳಲ್ಲಿ 5ನೆಯದು ಹಾಸನ ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದರೆ ಸಿಗುವುದಿಲ್ಲ, ಆಗ ಅದು ಕಡೂರು ಜಿಲ್ಲೆ, ಸಂಪುಟ 6. ಮೇಲಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಆವೃತ್ತಿ ತಂದಾಗ ಸಂಪುಟವೂ ಬೇರೆಯಾಯಿತು, ಶಾಸನದ ಸಂಖ್ಯೆಯೂ ಬೇರೆಯಾಯಿತು. "ಬೇಲೂರು ಇಷ್ಟನೇ ಶಾಸನ" ಎಂದಷ್ಟೇ ಬರೆದರೆ ಓದುವವರು ಹಳೇ ಪುಸ್ತಕ ತೆಗೀಬೇಕೋ ಹೊಸದೋ? ಹೀಗೆ ಆವೃತ್ತಿ ಬರೆಯದ ಉಲ್ಲೇಖಗಳನ್ನು ಸರಿಮಾಡಲು ನಾನು ಒಂದು ಇಡೀ ಬೇಸಿಗೆ ರಜೆ ಕಳೆದಿದ್ದೇನೆ. ಮನೆಯಲ್ಲಿ ಬೈಸಿಕೊಂಡಿದ್ದೂ ಉಂಟು.

ಹಲ್ಮಿಡಿ ಶಾಸನದ ಹತ್ತಿರ ಹುಷಾರಾಗಿರಬೇಕು. ಕನ್ನಡದ ಅತಿ ಹಳೆಯ ಶಾಸನ ಎಂದು ಬೇಲೂರು ತಾಲ್ಲೂಕಿನ ಹೆಮ್ಮೆ ಅದು, ಎಲ್ಲರಿಗೂ ಬಾಯಿಪಾಠ, ಕ್ರಿ.ಶ. 450. ಆದರೆ ಕಲ್ಲಿನಲ್ಲಿ ಇಸವಿ ಇಲ್ಲ, ಲಿಪಿ ಮತ್ತು ಭಾಷೆ ನೋಡಿ ವಿದ್ವಾಂಸರು ಅಂದಾಜು ಮಾಡಿದ ಕಾಲ. ಈಗ ತಾಳಗುಂದದ ಸಿಂಹಕಟಾಂಜನ ಶಾಸನ 370ರದ್ದು, ಅದೇ ಹಳೆಯದು ಎಂಬ ವಾದವೂ ಇದೆ. "ಸುಮಾರು" ಎಂಬ ಒಂದು ಪದ ಸೇರಿಸಿದ್ದಕ್ಕೆ ಪರಿಚಯದವರೊಬ್ಬರು, "ಏನಮ್ಮಾ, ನಮ್ಮ ಜಿಲ್ಲೆಯವಳಾಗಿ ಹೀಗೆ ಮಾಡೋದಾ" ಎಂದರು. ಹಲ್ಮಿಡಿಯ ಬೆಲೆ ಅದರಿಂದ ಒಂದು ಕಾಸೂ ಕಮ್ಮಿಯಾಗಲಿಲ್ಲ ಎಂದೇ ನಾನು ಈಗಲೂ ಹೇಳುವುದು.

ನಾನು ಎಡವಿದ ಕಥೆಯನ್ನೂ ಹೇಳಬೇಕು. ಒಂದು ದೇವಸ್ಥಾನದ ಪುಟದಲ್ಲಿದ್ದ ಸಾಲಿಗೆ ಆಧಾರ ಹುಡುಕುತ್ತಿದ್ದೆ. ಪತ್ರಿಕೆಯೊಂದರ ಪುರವಣಿಯಲ್ಲಿ ಅದೇ ಮಾತು ಸಿಕ್ಕಿತು. ಖುಷಿಯಿಂದ ಉಲ್ಲೇಖ ಹಾಕಿದೆ. ಎರಡು ದಿನ ಬಿಟ್ಟು ಮತ್ತೆ ಓದಿದಾಗ ಏನೋ ಕಸಿವಿಸಿ. ಪುರವಣಿಯಲ್ಲಿ ರಾಜನ ಹೆಸರಿನ ಕಾಗುಣಿತ ತಪ್ಪಿತ್ತು, ವಿಕಿಯಲ್ಲೂ ಅದೇ ತಪ್ಪು. ಯಾವ ಸಾಲು ಯಾವಾಗ ಸೇರಿತು ಎಂದು ತೋರಿಸುವ, ಪುಟದ "ಇತಿಹಾಸ" ಒತ್ತಿ ನೋಡಿದೆ. ಲೇಖನ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲೇ ಆ ಸಾಲು ವಿಕಿಯಲ್ಲಿತ್ತು. ಅಂದರೆ ಪತ್ರಿಕೆಯವರು ವಿಕಿ ನೋಡಿ ಬರೆದರು, ನಾನು ಪತ್ರಿಕೆ ನೋಡಿ ವಿಕಿಗೆ ಮುದ್ರೆ ಒತ್ತಿದೆ! ಗಾಣದ ಎತ್ತಿನ ಹಾಗೆ ಸುತ್ತಿದ್ದಾಯಿತು. ಉಲ್ಲೇಖವನ್ನೂ ತೆಗೆದೆ, ಸಾಲನ್ನೂ ತೆಗೆದೆ, ಕಾರಣವನ್ನು ಚರ್ಚೆ ಪುಟದಲ್ಲಿ ಬರೆದೆ. ಈಗ ಇತಿಹಾಸದ ಪುಟ ನೋಡದೆ ಯಾವ ಪತ್ರಿಕೆಯನ್ನೂ ನಾನು ಉಲ್ಲೇಖಿಸುವುದಿಲ್ಲ.

2016ರಿಂದ ಪ್ರತಿ ಜನವರಿಯಲ್ಲಿ ಲೈಬ್ರರಿಯನ್ನರಿಗಾಗಿಯೇ ಒಂದು ಅಭಿಯಾನ ನಡೆಯುತ್ತದೆ, ಒಬ್ಬ ಲೈಬ್ರರಿಯನ್, ಒಂದು ಉಲ್ಲೇಖ ಅಂತ. ಕಳೆದ ಸಲ ನಾಲ್ಕು ಮಕ್ಕಳನ್ನು ಕೂರಿಸಿಕೊಂಡೆ. ಅವರಿಗೆ ಟೈಪಿಂಗ್ ಬರುತ್ತದೆ, ನನಗೆ ಬೀರು ಗೊತ್ತು. ಕಂಡೀಷನ್ ಒಂದೇ: ಪುಸ್ತಕ ತೆರೆದು ಎದುರಿಗೆ ಇರಬೇಕು, ನೆನಪಿನ ಮೇಲೆ ಪುಟ ಸಂಖ್ಯೆ ಹಾಕುವಂತಿಲ್ಲ. ಸಾಲನ್ನು ಹಾಗೇ ಎತ್ತಿ ಬರೆಯುವಂತೆಯೂ ಇಲ್ಲ. ಮೂರು ಗಂಟೆಯಲ್ಲಿ ಆಗಿದ್ದು ಹನ್ನೊಂದು ಉಲ್ಲೇಖ. ಕಮ್ಮಿ ಅನ್ನಿಸಬಹುದು, ಆದರೆ ಹನ್ನೊಂದನ್ನೂ ನಾನೇ ಪುಸ್ತಕದ ಜೊತೆ ತಾಳೆ ನೋಡಿದ್ದೇನೆ.

ಅವತ್ತು ಪ್ರಶ್ನೆ ಕೇಳಿದ ಹುಡುಗಿ ಈಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಮೊನ್ನೆ ವಾಟ್ಸಾಪ್ ಮಾಡಿದ್ದಳು. "ಮೇಡಂ, ಕಡೂರು ಸಂಪುಟ ಹಳೇದು ನಿಮ್ಮ ಹತ್ರ ಇದೆಯಲ್ಲ, ಒಂದು ಪುಟದ ಫೋಟೋ ಕಳಿಸ್ತೀರಾ?" ಬೀರುವಿನ ಕೀಲಿ ಅಟೆಂಡರ್ ಹತ್ತಿರ ಇತ್ತು, ಅವನು ಟೀ ಕುಡಿಯಲು ಹೋಗಿದ್ದ. ಮಳೆಯಲ್ಲೇ ಕ್ಯಾಂಟೀನ್ ತನಕ ಹೋಗಿ ಇಸಕೊಂಡು ಬಂದೆ.