ಮಳೆ ಹಿಡಿಯುವ ಮೊದಲು ಕಟ್ಟಿಕೊಂಡ ಪರಿಚಯಗಳು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವುದು, ಕೊಯ್ಲು ಮಾಡುವುದು ನನ್ನ ಉದ್ಯೋಗ. ಕಲಿತದ್ದು ಮರ ಹತ್ತಿ. ಈಗ ಹೆಚ್ಚಿನ ಕೆಲಸ ಕಾರ್ಬನ್ ಫೈಬರಿನ ಉದ್ದ ಕೋಲಿನಲ್ಲಿ, ಅಂದರೆ ದೋಟಿಯಲ್ಲಿ, ನೆಲದ ಮೇಲೆ ನಿಂತೇ. ಹೊಸದಾಗಿ ದೋಟಿ ಹಿಡಿದ ಹುಡುಗರು ‘ನಿಮಗೆ ಇಷ್ಟು ತೋಟ ಹೇಗೆ ಸಿಕ್ಕಿತಣ್ಣ?’ ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಬೀಳಬೇಕು, ಎರಡನೆಯದು 40-45 ದಿನ ಕಳೆದು. ಹಾಗಾಗಿ ಮೇ ಕೊನೆಗೆ ಎಲ್ಲರ ಫೋನೂ ಒಟ್ಟಿಗೇ ಬರುತ್ತದೆ. ಕೆಲಸ ಕೈತಪ್ಪದಿರಲಿ ಎಂದು ಎಲ್ಲರಿಗೂ ‘ನಾಳೆ ಬರ್ತೇನೆ’ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ‘ಭಟ್ರೇ, ನನ್ನ ಸರದಿ ಬರುವಾಗ ಮಳೆ ಜೋರಾಗಿರ್ತದೆ. ಮುಳ್ಳೇರಿಯದ ತಂಡ ಈ ವಾರ ಬರಬಹುದು, ನಾನೇ ಕೇಳಿ ಹೇಳ್ಲಾ?’ ಎನ್ನುತ್ತೇನೆ.

ಹೀಗೆ ಹೇಳಲು ಮುಳ್ಳೇರಿಯದವರ ಗುರುತು ಬೇಕಲ್ಲ! ಒಂದೇ ಕಸುಬಿನವರು ಪೈಪೋಟಿಗಾರರು ಎಂದು ದೂರವಿದ್ದರೆ ಅದು ಆಗುವುದಿಲ್ಲ. ಕೊಯ್ಲು ಮುಗಿದ ಏಪ್ರಿಲಿನಲ್ಲಿ ನಾನಾಗಿ ಹೋಗಿ ಅವರೊಡನೆ ಕೂತೆ; ಪಂಪು, ಕೂಲಿ, ದೋಟಿಯ ರಿಪೇರಿ ಎಂದು ಮಾತಾಡಿದೆವು. ತೋಟದ ಕೆಲಸ ಅವರಿಗೆ ದಾಟಿಸಿದ್ದಕ್ಕೆ ನಾನು ಕಮಿಷನ್ ತೆಗೆದುಕೊಳ್ಳುವುದಿಲ್ಲ. ಬದಲಿಗೆ ನೀರೆಲ್ಲಿದೆ, ಪೈಪು ಎಷ್ಟು ಉದ್ದ ಬೇಕು, ಯಾವ ಬದಿ ಇಳಿಜಾರು ಎಂಬುದನ್ನೂ ಮೊದಲೇ ತಿಳಿಸುತ್ತೇನೆ. ನನ್ನ ಜನ ಜ್ವರದಲ್ಲಿ ಮಲಗಿದಾಗ ಆಳು ಕಳಿಸಿದ್ದು ಇದೇ ತಂಡ.

ತೋಟದವರ ಜೊತೆಗಿನ ನಂಬಿಕೆ ಬೆಳೆದದ್ದು ಮದ್ದಿನ ಡ್ರಮ್ಮಿನ ಪಕ್ಕದಲ್ಲಿ. ಕೊಳೆರೋಗಕ್ಕೆ ಬಿಡುವ ಮದ್ದೆಂದರೆ ಶೇಕಡಾ 1ರ ಬೋರ್ಡೋ ದ್ರಾವಣ; ಅದಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಅದನ್ನು ಅವರ ಎದುರಲ್ಲೇ ಕಲಸುತ್ತೇನೆ. ಉಜ್ಜಿ ಹೊಳಪಾದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದು ಅವರ ಕೈಗೇ ಕೊಡುತ್ತೇನೆ. ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಒಮ್ಮೆ ಕಣ್ಣಾರೆ ಕಂಡವರು ಮುಂದಿನ ವರ್ಷ ದರದ ಬಗ್ಗೆ ಚೌಕಾಶಿಗೆ ಇಳಿಯುವುದು ಕಡಿಮೆ. ನೆರೆಮನೆಯವರಿಗೆ ಆ ಕತ್ತಿಯ ವಿಷಯ ಹೇಳುವವರೂ ಅವರೇ.

ವಿಜ್ಞಾನಿಗಳ ಪರಿಚಯಕ್ಕೆ ನಮ್ಮವರು ಹಿಂಜರಿಯುತ್ತಾರೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಕೇಂದ್ರ, ಇಂದಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಕಾಸರಗೋಡಿನಲ್ಲೇ ಇದೆ. ಅಡಿಕೆಗೆ ವಿಟ್ಲದಲ್ಲಿ ಅದರದ್ದೇ ಪ್ರಾದೇಶಿಕ ಕೇಂದ್ರವಿದೆ. ತೋಟಗಳಲ್ಲಿ ಎಲೆಚುಕ್ಕಿ ರೋಗ ಕಂಡಾಗ ನಾನು ಸೋಗೆಯನ್ನೇ ಕೊಯ್ದು ಒಯ್ದೆ. ಯಾವ ತಿಂಗಳು ಕಂಡಿತು, ಎಳೆ ಮರಕ್ಕೋ ಹಳೆ ಮರಕ್ಕೋ, ಅದುವರೆಗೆ ಏನು ಬಿಟ್ಟಿದ್ದೇವೆ, ಎಲ್ಲ ಬರೆದುಕೊಂಡಿದ್ದೆ. ಅವರು ಹೇಳಿದ್ದನ್ನು ಮಾಡಿ, ಫಲ ಏನಾಯಿತೆಂದು ತಿಳಿಸಲು ಮತ್ತೆ ಹೋದೆ. ಸಲಹೆ ಕೇಳಿ ಹೋದವರು ತಿರುಗಿ ಬಂದು ಹೇಳುವುದು ಅಪರೂಪವಂತೆ. ಈಗ ನಾನು ತಿರುಗುವ ತೋಟಗಳಲ್ಲಿ ರೋಗ ಎಲ್ಲೆಲ್ಲಿ ಕಾಣುತ್ತಿದೆ ಎಂದು ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ, ನಾನು ಕಂಡದ್ದನ್ನು ಹೇಳುತ್ತೇನೆ.